ತಣ್ಣಗಾದರೆ ಎಣ್ಣೆ ನಿಲ್ಲಬೇಕು

ಕಳಸ
3 ಫೆಬ್ರವರಿ 2025

ಪ್ರೀತಿಯ ತಮ್ಮ ಓಂಕಾರಮೂರ್ತಿಗೆ ಅಕ್ಕನ ಆಶೀರ್ವಾದ.

ನಿನ್ನ ಸೊಂಟನೋವು ಹೇಗಿದೆ? ಡಾಕ್ಟರು ಬೆಲ್ಟ್ ಕಟ್ಟಿಕೊಳ್ಳಲು ಹೇಳಿದ್ದಾರೆ, ಇವರು ಕೇಳುವುದಿಲ್ಲ ಎಂದು ದಿವ್ಯಾ ಹೋದ ತಿಂಗಳು ಹೇಳುತ್ತಿದ್ದಳು. ಕಟ್ಟಿಕೋ. ಕಾರ್ಖಾನೆಯಲ್ಲಿ ಅಷ್ಟು ಜನ ಇರುವಾಗ ಕಬ್ಬಿಣದ ಶೀಟು ನೀನೇ ಎತ್ತಬೇಡ. ಅವಳ ಥೈರಾಯ್ಡ್ ಮಾತ್ರೆ ತಪ್ಪದ ಹಾಗೆ ನೋಡಿಕೋ. ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ನಾನು ಕ್ಷೇಮವಾಗಿಲ್ಲ. ಹದಿನೇಳು ದಿನದಿಂದ ಊಟ ಸರಿಯಾಗಿ ಸೇರುತ್ತಿಲ್ಲ. ಕಾಯಿಲೆ ಏನೂ ಇಲ್ಲ. ಸಿಟ್ಟು, ಬರೀ ಸಿಟ್ಟು. ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತುವುದಿಲ್ಲ. ಮೆಸೇಜಿಗೆ ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ರಿಜಿಸ್ಟರ್ ಪೋಸ್ಟ್. ಇದನ್ನಾದರೂ ನೀನು ಸಹಿ ಹಾಕಿ ತೆಗೆದುಕೊಳ್ಳಬೇಕಲ್ಲ.

ನನ್ನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರಲು ನೀನು ಕಳಿಸಿದ ಅಶ್ವಿನ್ ಮೊನ್ನೆ ಬಂದಿದ್ದ. ನಿನ್ನ ಸೇಲ್ಸಿನವನಾದರೂ ಒಳ್ಳೆಯ ಹುಡುಗ, ನನ್ನ ಮುಖ ನೋಡಲಾಗದೆ ಚಹಾ ಲೋಟವನ್ನೇ ನೋಡುತ್ತ ಕೂತಿದ್ದ. ಅವನು ಬರುವ ಮೊದಲೇ ನಿನಗೆಂದು ಹಸಿ ಕಾಳುಮೆಣಸಿನ ಉಪ್ಪಿನಕಾಯಿ ಡಬ್ಬಿಗೆ ತುಂಬಿಟ್ಟಿದ್ದೆ. ಕಾಗದ ಓದಿದ ಮೇಲೆ ಕೊಡಬಾರದು ಅನ್ನಿಸಿತು. ಆಮೇಲೆ ಕೊಟ್ಟೆ. ಉಪ್ಪಿನಕಾಯಿಯ ಮೇಲೆ ಏನು ಸಿಟ್ಟು. ಕಾಗದದಲ್ಲಿ ಎರಡೇ ಸಾಲು ಟೈಪ್ ಆಗಿತ್ತು. ಜಾವಳಿಯಲ್ಲಿ ಬೆಂಕಿ ಹೊತ್ತಿಕೊಂಡ, ಕಾಫಿ ಒಣಗಿಸುವ ಬರ್ನರ್ ಶ್ರೀಮತಿ ಪ್ರೇಮಲತಾ ಅವರ ವಿನ್ಯಾಸದಂತೆಯೇ ಯಾವ ಬದಲಾವಣೆಯೂ ಇಲ್ಲದೆ ತಯಾರಾದದ್ದು. ಅಪಘಾತಕ್ಕೆ ಬಳಸಿದವರ ಅಜಾಗರೂಕತೆ ಕಾರಣ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ನಾನು ಎರಡು ಸಲ ಓದಿ ಮಡಚಿ ಅವನ ಜೇಬಿಗೆ ವಾಪಸ್ಸು ಇಟ್ಟೆ. "ಅಕ್ಕಾ, ಸಾರ್‌ಗೆ ಏನು ಹೇಳ್ಲಿ?" ಅಂದ. "ಅಕ್ಕ ಓದಿದ್ಲು ಅಂತ ಹೇಳು" ಅಂದೆ.

ಯಾವ ಬದಲಾವಣೆಯೂ ಇಲ್ಲದೆ! ಆ ಮಾತು ಬರೆಸುವಾಗ ನಿನಗೆ ನಮ್ಮ ಅಂಗಡಿ ನೆನಪಾಗಲಿಲ್ಲವೇ? ಅಪ್ಪಯ್ಯ ನಲವತ್ತು ವರ್ಷ ಬಸ್ ಸ್ಟ್ಯಾಂಡಿನ ಪಕ್ಕ ಕೂತು ಪಂಪ್ ಸ್ಟವ್, ಪೆಟ್ರೋಮ್ಯಾಕ್ಸ್ ರಿಪೇರಿ ಮಾಡಿದರು. ಮಲ್ಲಿಕಾರ್ಜುನಪ್ಪನ ಕೈಯಿಂದ ಹೋದ ಸ್ಟವ್ ಉಗುಳುವುದಿಲ್ಲ ಎಂದು ಹೊರನಾಡಿನಿಂದ ಜನ ಹೊತ್ತು ತರುತ್ತಿದ್ದರು. ಎಣ್ಣೆ ಕಾದು ಆವಿಯಾದರೆ ಮಾತ್ರ ನೀಲಿ ಉರಿ, ಕೊಳವೆ ತಣ್ಣಗಿದ್ದರೆ ಹಸಿ ಎಣ್ಣೆಯೇ ಚಿಮ್ಮಿ ಹಳದಿ ಬೆಂಕಿ ಮುಖಕ್ಕೆ ಬರುತ್ತದೆ ಎಂದು ನನಗೆ ಅವರು ಹೇಳಿಕೊಟ್ಟಾಗ ನನಗೆ ಒಂಬತ್ತು ವರ್ಷ. ನೀನು ಇನ್ನೂ ತೊಟ್ಟಿಲಲ್ಲಿದ್ದೆ. ಉರಿಯ ಸದ್ದು ಕೇಳಿಯೇ ಯಾವ ಸ್ಟವ್ವಿನ ತೂತು ಕಟ್ಟಿದೆ ಎಂದು ನಾನು ಹೇಳುತ್ತಿದ್ದೆ. ಊರಿನವರು ನನ್ನನ್ನು ಇವತ್ತಿಗೂ ಸ್ಟವ್ ಪ್ರೇಮಕ್ಕ ಎಂದೇ ಕರೆಯುತ್ತಾರೆ. ಬೇಜಾರಿಲ್ಲ.

ಮೂರು ವರ್ಷದ ಹಿಂದೆ ಕೊಯ್ಲಿನ ನಡುವೆ ಮಳೆ ಹಿಡಿದು ಸಣ್ಣ ಬೆಳೆಗಾರರ ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿ ಕಣದಲ್ಲೇ ಮುಗ್ಗಿದ್ದನ್ನು ನೀನೂ ನೋಡಿದ್ದೀಯ. ಸೌದೆ ಉರಿಸಿ ಒಣಗಿಸಿದವರ ಕಾಫಿಗೆ ಹೊಗೆ ವಾಸನೆ ಹತ್ತಿ ಯಾರೂ ಮುಟ್ಟಲಿಲ್ಲ. ದೊಡ್ಡ ಎಸ್ಟೇಟಿನವರಿಗೆ ಡ್ರೈಯರ್ ಇತ್ತು, ಎರಡೆಕರೆಯವರಿಗೆ ಆಕಾಶವೇ ಗತಿ. ಪಂಪ್ ಸ್ಟವ್ವನ್ನೇ ದೊಡ್ಡದು ಮಾಡಿ, ಅದರ ಉರಿಯಿಂದ ಕಬ್ಬಿಣದ ಡ್ರಮ್ಮು ಕಾಯಿಸಿ, ಡ್ರಮ್ಮಿನ ಸುತ್ತಲ ಬಿಸಿಗಾಳಿಯನ್ನು ಫ್ಯಾನಿನಿಂದ ಕಾಫಿಗೆ ಊದಿದರೆ ಹೊಗೆ ತಾಗದೆ ಒಣಗುತ್ತದಲ್ಲ ಎಂದು ನನಗೆ ಹೊಳೆದದ್ದು ಆಗ. ಹನ್ನೊಂದು ತಿಂಗಳು ಒದ್ದಾಡಿದೆ. ಸೀಮೆಎಣ್ಣೆ ಸಿಗುವುದು ನಿಂತಿತ್ತು. ಡೀಸೆಲ್ ಹಾಕಿದರೆ ಸುರುಳಿ ಕೊಳವೆಯೊಳಗೆ ಮಸಿ ಗಟ್ಟಿಯಾಗಿ ನಾಲ್ಕೇ ದಿನಕ್ಕೆ ಕಟ್ಟಿಕೊಳ್ಳುತ್ತಿತ್ತು. ಸುರುಳಿ ಬಿಟ್ಟು ಮೂರು ನೇರ ಕೊಳವೆ ಕೂರಿಸಿ, ಎರಡೂ ತುದಿಗೆ ಬಿಚ್ಚುವ ಮುಚ್ಚಳ ಹಾಕಿದೆ. ವಾರಕ್ಕೊಮ್ಮೆ ತಂತಿ ಬ್ರಷ್ ಆಡಿಸಿದರೆ ಮುಗಿಯಿತು. ಆ ದಿನ ನಾನು ಒಬ್ಬಳೇ ಅಂಗಡಿಯಲ್ಲಿ ಕುಣಿದೆ, ಯಾರಿಗೂ ಹೇಳಬೇಡ.

ಆಮೇಲೆ ಒಂದು ಮಧ್ಯಾಹ್ನ ಗಾಳಿ ಬೀಸಿ ಉರಿ ಆರಿತು. ನಾನು ನೋಡಲಿಲ್ಲ. ಕೊಳವೆ ತಣ್ಣಗಾಗಿ ಹಸಿ ಡೀಸೆಲ್ ಚಿಮ್ಮಿ ಕೆಳಗೆ ನಿಂತಿತ್ತು. ಮತ್ತೆ ಕಡ್ಡಿ ಗೀರಿದಾಗ ಬೆಂಕಿ ತಗಡಿನವರೆಗೆ ಎದ್ದಿತು. ನನ್ನ ಜಡೆ ಅರ್ಧ ಸುಟ್ಟಿತು, ನೀನೇ ಗೋಣಿಚೀಲ ಹಾಕಿ ಆರಿಸಿದೆ. "ಅಕ್ಕಾ, ಇದು ಬೇಡ ಮಾರಾಯ್ತಿ, ಬಿಟ್ಬಿಡು" ಎಂದು ಅತ್ತೆ. ನಾನು ಬಿಡಲಿಲ್ಲ. ಹಳೆಯ ಇಸ್ತ್ರಿಪೆಟ್ಟಿಗೆ ಬಿಚ್ಚಿ, ಬಿಸಿಯಾದರೆ ಬಾಗುವ ಅದರ ಜೋಡಿಲೋಹದ ಪಟ್ಟಿಯನ್ನು ತೆಗೆದು ಕೊಳವೆಯ ಮೈಗೆ ಎರಡು ಸ್ಕ್ರೂ ಹಾಕಿ ಕೂರಿಸಿದೆ. ಕೊಳವೆ ಕಾದಿರುವವರೆಗೂ ಪಟ್ಟಿ ಬಾಗಿಕೊಂಡು ಎಣ್ಣೆಯ ಕವಾಟ ತೆರೆದು ಹಿಡಿಯುತ್ತದೆ. ಉರಿ ಆರಿ ಕೊಳವೆ ತಣಿಯತೊಡಗಿದರೆ ನೆಟ್ಟಗಾಗುತ್ತದೆ, ಸ್ಪ್ರಿಂಗು ಕವಾಟ ಮುಚ್ಚುತ್ತದೆ. ಹಚ್ಚುವಾಗ ಮಾತ್ರ ಕೊಳವೆ ಕಾಯುವವರೆಗೆ ಒಂದೂವರೆ ನಿಮಿಷ ಗುಂಡಿ ಒತ್ತಿ ಹಿಡಿಯಬೇಕು. ಮೂವತ್ತು ಸಲ ಬೇಕೆಂದೇ ಉರಿ ಆರಿಸಿ ನೋಡಿದೆವು. ಮೂವತ್ತು ಸಲವೂ ಎಣ್ಣೆ ನಿಂತಿತು. "ಅಕ್ಕಾ, ಇದಕ್ಕೆ ಬುದ್ಧಿ ಬಂತು!" ಎಂದು ಕೂಗಿದವನು ನೀನು. ಆ ಸಂತೋಷದಲ್ಲೇ ಅಲ್ಲವೇ ನಾನು ಗ್ರಾಫ್ ಪುಸ್ತಕ ಪೂರ್ತಿ ನಿನ್ನ ಕೈಗಿಟ್ಟು, ಹಾಸನದಲ್ಲಿ ಮಾಡಿಸು, ನಾಲ್ಕು ಜನಕ್ಕೆ ಉಪಯೋಗ ಆಗಲಿ ಅಂದದ್ದು?

ಈಗ ಜಾವಳಿಯ ವಿಷಯ ಕೇಳು. ನಿನಗೆ ಅದು ಒಂದು ಫೈಲು, ನಾನು ಕಣ್ಣಾರೆ ನೋಡಿ ಬಂದಿದ್ದೇನೆ. ಮಂಜಯ್ಯನವರ ಶೆಡ್ಡಿನಲ್ಲಿ ಕಾಫಿ ಒಣಗಿಸುವ ಕೆಲಸ ಮುತ್ತಮ್ಮನದು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಇಪ್ಪತ್ತು ವರ್ಷದಿಂದ ಅವರ ತೋಟದಲ್ಲೇ ಇದ್ದಾಳೆ. ಜನವರಿ ಹದಿನೇಳರ ಬೆಳಿಗ್ಗೆ ಜಿನುಗು ಮಳೆ, ಗಾಳಿ. ಉರಿ ಆರಿತು. ಆರಿದ್ದು ಅವಳಿಗೆ ಗೊತ್ತಾಗುವ ಹೊತ್ತಿಗೆ ಡೀಸೆಲ್ ಚಿಮ್ಮಿ ನಿಂತಿತ್ತು. ನಿಮ್ಮವರು ತೋರಿಸಿಕೊಟ್ಟ ಹಾಗೆಯೇ ಅವಳು ಬತ್ತಿ ಹಚ್ಚಿ ಹಿಡಿದಳು. ಮಂಜಯ್ಯನವರು ಒದ್ದೆ ಗೋಣಿ ಹೊದಿಸಿ ಉಳಿಸಿದರು. ಎರಡೂ ಕೈ ಮೊಣಕೈವರೆಗೆ, ಕುತ್ತಿಗೆ, ಗದ್ದ. ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗಿದ್ದೆ. ನಾನೇ ಆ ಬರ್ನರ್ ಮಾಡಿದವಳು ಎಂದು ತಿಳಿದ ಕೂಡಲೇ ಆ ಹೆಂಗಸು ಏಳಲು ನೋಡಿದಳು. ನನ್ನನ್ನು ಕೇಳಿದ್ದೇನು ಗೊತ್ತೇ? "ನಾನೇ ಏನೋ ತಪ್ಪು ಮಾಡಿದ್ನೇನೋ ಅಮ್ಮ. ಮಿಷಿನ್ನು ಹಾಳಾಗೋಯ್ತಾ? ಅಯ್ಯಾವ್ರು ಬೈತಾ ಇದಾರಾ?" ಕೈಗಳೆರಡೂ ಬಟ್ಟೆ ಸುತ್ತಿ ದಿಂಬಿನ ಮೇಲಿಟ್ಟಿದ್ದವು. ಅವಳಿಗೆ ಮಿಷಿನ್ನಿನ ಚಿಂತೆ. ನೀನು ಟೈಪ್ ಮಾಡಿಸಿದ ಅಜಾಗರೂಕತೆ ಎಂಬ ಪದ ಆ ಮಂಚದ ಪಕ್ಕ ನಿಂತು ಒಮ್ಮೆ ಓದು ನೋಡೋಣ. ಓದಿ ಮುಗಿಸಿ ಅನ್ನ ತಿಂದು ತೋರಿಸು.

ಅಲ್ಲಿಂದ ನೇರ ಜಾವಳಿಗೆ ಹೋಗಿ ಬರ್ನರಿನ ಕವರ್ ಬಿಚ್ಚಿದೆ. ಪಟ್ಟಿ ಇಲ್ಲ, ಸ್ಪ್ರಿಂಗ್ ಇಲ್ಲ. ಪಟ್ಟಿಗೆಂದು ನಾನು ಗುರುತು ಹಾಕಿಕೊಟ್ಟಿದ್ದ ಎರಡು ಸ್ಕ್ರೂ ತೂತು ಮಾತ್ರ ಹಾಗೇ ಇವೆ, ಅದರ ಮೇಲೆ ಹಸಿರು ಪೇಂಟ್. ಅಚ್ಚು ಬದಲಿಸುವ ತೊಂದರೆಯೂ ನಿನಗೆ ಬೇಡವಾಯಿತು. ಕಿತ್ತುಹಾಕಿ ಬಣ್ಣ ಬಳಿದೆ, ಅಷ್ಟೆ. ಯಾಕೆ ಎಂದು ಅಲ್ಲಿಂದಲೇ ಅಶ್ವಿನ್‌ಗೆ ಫೋನ್ ಮಾಡಿ ಕೇಳಿದೆ. "ಗುಂಡಿ ಒತ್ತಿ ಹಿಡ್ಕೊಳ್ಳೋಕೆ ಬೇಜಾರು ಅಂತ ಪಾರ್ಟಿಗಳು ಹೇಳಿದ್ರು ಅಕ್ಕಾ" ಅಂದ. ಒಂದೂವರೆ ನಿಮಿಷ! ನಿನ್ನ ಪಾರ್ಟಿಗಳೇನು ಬರ್ನರ್ ಹಚ್ಚುತ್ತಾರೆಯೇ? ಹಚ್ಚುವವಳು ಮುತ್ತಮ್ಮ. ಅವಳಿಗೆ ಬೇಜಾರು ಎಂದು ಅವಳು ಯಾವತ್ತಾದರೂ ಹೇಳಿದ್ದಾಳೆಯೇ? ಎಣ್ಣೆಯ ಟ್ಯಾಂಕನ್ನು ನಾನು ಆರು ಅಡಿ ದೂರ ಇಡಲು ಬರೆದಿದ್ದೆ. ಲಾರಿಯಲ್ಲಿ ಜಾಗ ಉಳಿಯಲಿ ಎಂದು ಅದನ್ನೂ ಎರಡು ಅಡಿಗೆ ತಂದಿದ್ದೀಯ. ಆ ಟ್ಯಾಂಕು ಸಿಡಿಯದೆ ಇದ್ದದ್ದು ಮಂಜಯ್ಯನವರ ಪುಣ್ಯ.

ನಾನು ಸುಮ್ಮನೆ ಕೂರಲಿಲ್ಲ. ಅದೇ ಫೋನಿನಲ್ಲಿ ಅಶ್ವಿನ್‌ನನ್ನು ಕೇಳಿ ವಿಳಾಸ ಬರೆದುಕೊಂಡೆ. ಕಳಸ, ಮೂಡಿಗೆರೆ, ಚಿಕ್ಕಮಗಳೂರು ಸುತ್ತ ಒಟ್ಟು ಹದಿನಾಲ್ಕು. ಗುರುವಯ್ಯನ ಜೀಪು ಹಿಡಿದು ಒಂದೊಂದೇ ಶೆಡ್ಡಿಗೆ ಹೋಗಿ ಎಣ್ಣೆ ಚಿಮ್ಮುವ ಸಣ್ಣ ತೂತಿನ ಜೆಟ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಂದೆ. ಜೆಟ್ ಇಲ್ಲದೆ ಅದು ಹೊತ್ತುವುದಿಲ್ಲ. ಎಲ್ಲರೂ ಸಂತೋಷದಿಂದ ಕೊಟ್ಟರು ಅಂದುಕೊಳ್ಳಬೇಡ. ಅತ್ತಿಗುಂಡಿಯಲ್ಲಿ ಒಬ್ಬರು ಗೇಟಿಗೆ ಅಡ್ಡ ನಿಂತು "ಅರ್ಧ ಒಣಗಿದ ರಾಶಿ ಮುಗ್ಗಿದ್ರೆ ನೀವು ಬಂದು ಕೂತ್ಕೊಂಡು ಒಣಗಿಸ್ತೀರಾ?" ಎಂದು ಕೂಗಾಡಿದರು. "ಹೌದು, ಕೂತ್ಕೋತೀನಿ" ಅಂದೆ. ಕೂತೆ ಕೂಡ. ಹೇಗೂ ಬಿಸಿಲು ಬಂದಿತ್ತು, ಅವರ ಹೆಂಡತಿಯ ಜೊತೆ ಎರಡು ದಿನ ಕಣದಲ್ಲಿ ಕಾಫಿ ತಿರುವಿ ಹಾಕಿದೆ. ಚಿಕ್ಕಮಗಳೂರಿನ ಗುಜರಿಯಲ್ಲಿ ಹಳೆಯ ಇಸ್ತ್ರಿಪೆಟ್ಟಿಗೆಗಳನ್ನು ಆರಿಸಿ ತಂದು ಪಟ್ಟಿ ಬಿಡಿಸುತ್ತಿದ್ದೇನೆ. ಒಂಬತ್ತಕ್ಕೆ ಕೂರಿಸಿ, ಟ್ಯಾಂಕ್ ದೂರ ಸರಿಸಿ, ಉರಿ ಆರಿಸಿ ನೋಡಿ ಜೆಟ್ ವಾಪಸ್ಸು ಕೊಟ್ಟಿದ್ದೇನೆ. ನಾಲ್ಕು ಬಾಕಿ. ಜಾವಳಿಯದ್ದು ಪೊಲೀಸರ ಹತ್ತಿರ ಇದೆ. ಮಡಿಕೇರಿ, ಸಕಲೇಶಪುರದ ಕಡೆ ನೀನು ಕಳಿಸಿದವುಗಳ ವಿಳಾಸ ನನಗೆ ಗೊತ್ತಿಲ್ಲ. ಅವು ಇವತ್ತೂ ಉರಿಯುತ್ತಿರುತ್ತವೆ. ಇದನ್ನು ಓದುತ್ತಿರುವಾಗಲೇ ಯಾವುದೋ ಶೆಡ್ಡಿನಲ್ಲಿ ಒಬ್ಬಳು ಬತ್ತಿ ಹಿಡಿದು ಬಗ್ಗಿರಬಹುದು. ಓದುವುದು ನಿಲ್ಲಿಸಿ ಮೊದಲು ಅವರಿಗೆ ಫೋನ್ ಮಾಡು. ಆಮೇಲೆ ಮುಂದೆ ಓದು.

ನೀನು ಕೆಟ್ಟವನಲ್ಲ ಎಂದು ನನಗೆ ಗೊತ್ತು, ಅದೇ ನನ್ನ ಸಿಟ್ಟು. ಕೆಟ್ಟವನಾಗಿದ್ದರೆ ಶಾಪ ಹಾಕಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಇಲಿಮರಿ ಸತ್ತರೂ ಅಳುತ್ತಿದ್ದ ಹುಡುಗ ನೀನು. ಬೆಂಕಿ ಏನು ಮಾಡುತ್ತದೆಂದು ಕಣ್ಣಾರೆ ಕಂಡವನು. ಗೊತ್ತಿಲ್ಲದವನು ಮಾಡಿದ್ದರೆ ಕ್ಷಮಿಸಬಹುದಿತ್ತು. ಈಗ ನಿನ್ನ ಕೆಲಸ ಇಷ್ಟೇ. ಕಾರ್ಖಾನೆ ನಿಲ್ಲಿಸು, ಕಳಿಸಿದ ಪ್ರತಿಯೊಂದನ್ನೂ ಹುಡುಕಿ ಆ ಲೋಹದ ಪಟ್ಟಿ ಕೂರಿಸು, ಮುತ್ತಮ್ಮನ ಎದುರು ಹೋಗಿ ತಪ್ಪು ನಿನ್ನದಲ್ಲ ತಾಯಿ ಎಂದು ನಿನ್ನ ಬಾಯಿಂದ ಹೇಳು. ವಕೀಲರನ್ನು ಕಳಿಸಬೇಡ. ಕಾಗದ ಕಳಿಸಬೇಡ.

ದಿವ್ಯಾಳಿಗೆ ಈ ಪತ್ರ ತೋರಿಸು. ಅವಳಿಗೆ ನನ್ನ ಪ್ರೀತಿ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡಲು ಹೇಳು. ದೇವರು ನಿನಗೆ ಆಯಸ್ಸು ಕೊಡಲಿ, ಅದಕ್ಕಿಂತ ಮುಂಚೆ ಬುದ್ಧಿ ಕೊಡಲಿ.

ನಿನ್ನ ಅಕ್ಕ,
ಪ್ರೇಮಲತಾ

ತಾ.ಕ.: ಲಕೋಟೆ ಅಂಟಿಸಿ ಎರಡು ದಿನ ಇಟ್ಟುಕೊಂಡು ಮತ್ತೆ ಬಿಚ್ಚಿದೆ. ಜಾವಳಿಯ ಶೆಡ್ಡಿನಲ್ಲೇ ಮೊದಲ ಸಲ ನೋಡಿದೆ ಎನ್ನುವ ಹಾಗೆ ಮೇಲೆ ಬರೆದಿದ್ದೇನೆ. ಅದು ನಿಜವಲ್ಲ, ನಿನಗೂ ಗೊತ್ತು. ನವೆಂಬರಿನಲ್ಲಿ ಅಶ್ವಿನ್ ಕಳಸಕ್ಕೆ ಹೊಸ ಬರ್ನರ್ ತಂದು ತೋರಿಸಿದಾಗಲೇ ಪಟ್ಟಿ ಇಲ್ಲದ್ದು ನನ್ನ ಕಣ್ಣಿಗೆ ಬಿದ್ದಿತ್ತು. ನಿನಗೆ ಫೋನ್ ಮಾಡಿದೆ. "ಮುಂದಿನ ಲಾಟಲ್ಲಿ ಹಾಕಿಸ್ತೀನಿ ಅಕ್ಕಾ" ಅಂದೆ. ನಾನು ನಂಬಲಿಲ್ಲ, ಆದರೂ ಸುಮ್ಮನಾದೆ. ಬರ್ನರಿನ ಮೇಲೆ ಹಿತ್ತಾಳೆ ತಗಡಿನಲ್ಲಿ ನನ್ನ ಹೆಸರು ಕೆತ್ತಿಸಿದ್ದೆಯಲ್ಲ, ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಮೂಡಿಗೆರೆಯ ಪೊಲೀಸ್ ಠಾಣೆಗೆ ಹೋಗಿ ಇದನ್ನೂ ಸೇರಿಸಿ ಎಲ್ಲ ಬರೆದು ಸಹಿ ಹಾಕಿ ಕೊಟ್ಟು ಬಂದೆ. ನಿನ್ನೆಯೇ ಮುತ್ತಮ್ಮನಿಗೂ ಹೇಳಿದೆ. "ಗೊತ್ತಿತ್ತಾ ನಿಮಗೆ?" ಎಂದು ಒಂದೇ ಮಾತು ಕೇಳಿ, ಗೋಡೆ ಕಡೆ ಮುಖ ತಿರುಗಿಸಿದಳು. ನಾನು ತಂದಿದ್ದ ಗಂಜಿ ಕುಡಿಯಲಿಲ್ಲ. ನಾಳೆ ಮತ್ತೆ ಹೋಗುತ್ತೇನೆ.