ಸೀಮೆಸುಣ್ಣದ ಲೆಕ್ಕ

ಮಾರ್ಚ್ 3, ಸೋಮವಾರ. ದಿನ 2190

ಫ್ಲಾಸ್ಕಿನ ಮುಚ್ಚಳ ಮತ್ತೆ ಕಾಣೆ. ನಮ್ಮ ಕೇಂದ್ರದಲ್ಲಿ ಕುಡಿತ ಬಿಟ್ಟವರು ಇಪ್ಪತ್ತು ಜನ, ಟೀ ಬಿಟ್ಟವರು ಒಬ್ಬರೂ ಇಲ್ಲ.

ಕುರ್ಚಿಗಳನ್ನು ಸುತ್ತ ಹಾಕಿದೆ. ಬೋರ್ಡಿನಲ್ಲಿ ಎಲ್ಲರ ದಿನ ಒಂದೊಂದು ಏರಿಸಿದೆ. ಬೆಳಗಿನ ಮೊದಲ ಕೆಲಸ ಇದೇ. ನಿನ್ನೆಯ ಸಂಖ್ಯೆ ಅಳಿಸುವುದು, ಇವತ್ತಿನದು ಬರೆಯುವುದು. ಮೇಲಿನ ಸಾಲು ನನ್ನದು. ಕುಡಿಯದೆ ಆರು ವರ್ಷ. ಹೊಸಬರು ಒಳಗೆ ಬಂದ ಕೂಡಲೇ ಅದನ್ನು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಕೇಂದ್ರ ನಡೆಸುವ ದೊಡ್ಡ ಮೇಡಂ ಹೊಸಬರಿಗೆ ಹೇಳುವ ಮಾತು ಯಾವಾಗಲೂ ಒಂದೇ— "ಡಾಕ್ಟರು ಓದಿ ಬಂದಿದಾರೆ. ಇವರು ಬಿದ್ದು ಬಂದಿದಾರೆ." ಹಾವಿನ ಹೆಜ್ಜೆ ಹಾವೇ ಬಲ್ಲದು. ಅದಕ್ಕೇ ನನಗೆ ಸಂಬಳ.

ಡ್ರೈವರಿಗೆ ಇವತ್ತು 65. ಕುಡಿದು ಬಸ್ಸನ್ನು ಡಿಪೋ ಗೇಟಿಗೇ ಗುದ್ದಿದವನು. ಸಸ್ಪೆಂಡ್ ಆಗಿದ್ದಾನೆ. ತೊಂಬತ್ತು ದಿನ ಒಂದೂ ತಪ್ಪಿಲ್ಲ ಅಂತ ನಾನು ಪತ್ರಕ್ಕೆ ಸಹಿ ಹಾಕಿದರೆ ಮತ್ತೆ ಸ್ಟೀರಿಂಗ್. ಇಪ್ಪತ್ತೆಂಟಕ್ಕೆ ತೊಂಬತ್ತಾಗುತ್ತದೆ. ಶುಕ್ರವಾರ. ಸಭೆಯ ದಿನವೇ.

ಮಾರ್ಚ್ 7, ಶುಕ್ರವಾರ. ದಿನ 2194

ಸಭೆ ಚೆನ್ನಾಗಿತ್ತು. ಡ್ರೈವರ್ ಎದ್ದು ನಿಂತ. "ಬಸ್ಸಿಗೆ ರಿವರ್ಸ್ ಗೇರ್ ಇದೆ, ನನಗಿಲ್ಲ. ತೆಗೆದು ಅಕ್ಕನ ಕೈಗೆ ಕೊಟ್ಬಿಟ್ಟಿದೀನಿ." ಎಲ್ಲರೂ ನಕ್ಕರು. ನಾನೂ.

ಹೋಗುವಾಗ ಬೋರ್ಡಿನ ಮೇಲಿನ ಸಾಲು ತೋರಿಸಿ ಕೇಳಿದ. "ಅಷ್ಟೂ ನೀವೇ ಮಾಡಿದ್ದಾ ಅಕ್ಕ? ನಡುವೆ ಎಲ್ಲೂ ಸ್ಟಾಪ್ ಕೊಡದೆ?"

"ಎಕ್ಸ್‌ಪ್ರೆಸ್ ಕಣೋ ನಾನು" ಅಂದೆ. ಇಷ್ಟು ಜಂಭ ಬೇಕಿರಲಿಲ್ಲ.

ಮಾರ್ಚ್ 14, ಶುಕ್ರವಾರ. ದಿನ 2201

ಡ್ರೈವರ್ ಕಿಟಕಿ ಪಕ್ಕ ಕೂತ. ಯಾವಾಗಲೂ ನನ್ನ ಪಕ್ಕದ ಕುರ್ಚಿ ಅವನದು. ಬಾಯಲ್ಲಿ ಪೆಪ್ಪರ್‌ಮಿಂಟು, ಒಂದು ಮುಗಿಯುವ ಮೊದಲೇ ಇನ್ನೊಂದು. ಕೈಗಳು ತೊಡೆಯ ಕೆಳಗೆ. ಇಷ್ಟು ಸಾಕು ನನಗೆ. ಹತ್ತು ವರ್ಷ ನಾನೂ ಹಾಗೇ ಕೂತಿದ್ದೇನೆ.

ಸಭೆ ಮುಗಿದ ಮೇಲೆ ಕುರ್ಚಿ ಜೋಡಿಸಲು ಉಳಿದುಕೊಂಡ. ಬೆನ್ನು ತೋರಿಸಿಕೊಂಡೇ ಕೇಳಿದ.

"ಅಕ್ಕಾ, ಒಂದು ದಿನ ಜಾರಿದ್ರೆ ಲೆಕ್ಕ ಮೊದಲಿಂದಾನಾ?"

"ಮೊದಲಿಂದಾನೇ."

"ಎಪ್ಪತ್ತಾರು ಇದ್ರೂ?"

"ಎಷ್ಟಿದ್ರೂ."

ಒಂದರ ಮೇಲೊಂದು ನಾಲ್ಕು ಕುರ್ಚಿ ಇಟ್ಟ. ಆಮೇಲೆ— "ನಿಮಗೆ ಯಾವತ್ತಾದ್ರೂ ಹಾಗೆ...?"

"ಇಲ್ಲ."

ಅವನು ಕೇಳಿ ಮುಗಿಸುವ ಮೊದಲೇ ಹೇಳಿದ್ದೆ. ಅಷ್ಟು ಸಲೀಸಾಗಿ ಬಂತು. "ಸರಿ ಅಕ್ಕ, ಬರ್ತೀನಿ" ಅಂತ ಹೊರಟ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ತುಂಬ ಹೊತ್ತು ಹಿಡಿಯಿತು ಅವನಿಗೆ. ಒಂದೇ ಒಂದು ಸಲ ಕೂಗಬಹುದಿತ್ತು. ಕೂಗಲಿಲ್ಲ.

ಮಾರ್ಚ್ 15, ಶನಿವಾರ. ದಿನ 2202

ಡ್ರೈವರ್ ವಿಷಯ ಅಮ್ಮನಿಗೆ ಹೇಳಿದೆ. ಬೀನ್ಸ್ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಆ ಜನವರಿ ಅವನಿಗೆ ಹೇಳಿದೆಯಾ?"

"ಅದು ಒಂದು ದಿನ ಅಮ್ಮ."

"ಅವನದೂ ಒಂದೇ ದಿನ ಇರಬೇಕು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ."

ಎದ್ದು ಬಂದೆ. ಸಿಟ್ಟು ಬಂತು. ಅವಳ ಮೇಲಲ್ಲ.

ಎರಡು ವರ್ಷದ ಹಿಂದಿನ ಜನವರಿ, ಹನ್ನೆರಡನೇ ತಾರೀಖು. ಕೋರ್ಟಿನಿಂದ ವಿಚ್ಛೇದನದ ಕಾಗದ ಬಂದ ದಿನ. ಅರ್ಧ ಬಾಟಲಿ. ಉಳಿದರ್ಧ ಅಮ್ಮ ಸಿಂಕಿಗೆ ಸುರಿದಳು, ರಾತ್ರಿಯೆಲ್ಲ ನನ್ನ ತಲೆ ಹಿಡಿದು ಕೂತಳು. ಹದಿನೈದು ದಿನಕ್ಕೆ ಈ ಕೆಲಸದ ಇಂಟರ್‌ವ್ಯೂ ಇತ್ತು. ಎರಡು ವರ್ಷ ಸತತವಾಗಿ ಬಿಟ್ಟವರಿಗೆ ಮಾತ್ರ ಕೆಲಸ. ನಾಲ್ಕು ವರ್ಷ ಅಂದೆ. ಒಂದು ದಿನಕ್ಕೋಸ್ಕರ ನಾಲ್ಕು ವರ್ಷ ಕಳೆದುಕೊಳ್ಳುವುದು ಯಾವ ನ್ಯಾಯ ಅಂತ ಆಗ ಅನಿಸಿತ್ತು. ಈಗಲೂ ಅನಿಸುತ್ತದೆ. ಆದರೆ ನಿನ್ನೆ ಅವನಿಗೆ ಹೇಳಿದ ನ್ಯಾಯ ಬೇರೆ.

ಸೋಮವಾರ ಹೇಳುತ್ತೇನೆ. ಒಬ್ಬನನ್ನೇ ಕೂರಿಸಿಕೊಂಡು.

ಮಾರ್ಚ್ 19, ಬುಧವಾರ. ದಿನ 2206

ಹೇಳಲಿಲ್ಲ. ಸೋಮವಾರ ದೊಡ್ಡ ಮೇಡಂ ಜೊತೆಗಿದ್ದರು. ನಿನ್ನೆ ಅವನೇ ಬೇಗ ಹೋದ. ಇವತ್ತು... ಇವತ್ತು ಕಾರಣ ಇಲ್ಲ.

ಅವನ ಸಾಲಿನಲ್ಲಿ 81 ಬರೆದೆ. ಸುಳ್ಳು ಅಂತ ಅವನಿಗೆ ಗೊತ್ತು, ನನಗೆ ಗೊತ್ತು. ಇಬ್ಬರೂ ಬೋರ್ಡು ನೋಡಿದೆವು. ಮುಖ ನೋಡಿಕೊಳ್ಳಲಿಲ್ಲ.

ಮಾರ್ಚ್ 26, ಬುಧವಾರ. ದಿನ 2213

ಒಂದು ವಾರ ಇದನ್ನು ತೆರೆಯಲಿಲ್ಲ. ಡ್ರೈವರ್ ಗುರುವಾರದಿಂದ ಬಂದಿಲ್ಲ. ಜ್ವರ ಅಂತ ಮೆಸೇಜ್. ನಾನು ದಿನಾ ಅವನ ಸಾಲು ಏರಿಸುತ್ತಲೇ ಇದ್ದೇನೆ. 88.

ಸಂಜೆ ನಾಲ್ಕಕ್ಕೆ ಫೋನ್ ಮಾಡಿದ. ಹಲ್ಲು ಕಟಕಟ ಅನ್ನುವುದು ಕೇಳಿಸುತ್ತಿತ್ತು.

"ಶುಕ್ರವಾರ ನೋಡಿ ಅಕ್ಕ. ಕ್ಲೀನಾಗಿ ಬರ್ತೀನಿ. ಪೂರ್ತಿ ಕ್ಲೀನು."

"ಬೆಚ್ಚಗೆ ಮಲಕ್ಕೋ. ಬಾ" ಅಂದೆ.

ಫೋನ್ ಇಟ್ಟ ಮೇಲೆ ಹೊಳೆಯಿತು. ಜ್ವರ ಅಲ್ಲ ಅದು. ಒಂದೇ ದಿನ ಜಾರಿದವನು ಹಾಗೆ ನಡುಗುವುದಿಲ್ಲ. ಎರಡು ವಾರ ಕುಡಿದಿದ್ದಾನೆ, ಈಗ ಸಭೆಗೋಸ್ಕರ ಒಮ್ಮೆಲೇ ನಿಲ್ಲಿಸಿದ್ದಾನೆ. ಡಾಕ್ಟರಿಲ್ಲದೆ, ಮನೆಯಲ್ಲಿ. ಹೊಸಬರಿಗೆ ನಾವು ಮೊದಲ ದಿನ ಹೇಳುವ ಮಾತೇ ಇದು: ದಿನಾ ಕುಡಿಯುವವರು ತಾವಾಗಿಯೇ ಒಮ್ಮೆಲೇ ಬಿಡಬೇಡಿ, ಫಿಟ್ಸ್ ಬರುತ್ತದೆ, ಪ್ರಾಣಕ್ಕೇ ಕುತ್ತು ಬರಬಹುದು, ಹೇಳಿ ಬಿಡಿ, ಆಸ್ಪತ್ರೆಯಲ್ಲಿ ಬಿಡಿ. ಅವನಿಗೂ ಹೇಳಿದ್ದೆ. ಆದರೆ ಹೇಳಿ ಬಿಡಬೇಕಾದರೆ ಮೊದಲು ಹೇಳಬೇಕಲ್ಲ. ಯಾರ ಹತ್ತಿರ ಹೇಳುತ್ತಾನೆ? ಎಕ್ಸ್‌ಪ್ರೆಸ್ ಹತ್ತಿರವೇ?

ವಾಪಸ್ ಫೋನ್ ಮಾಡಿದೆ. ಸ್ವಿಚ್ ಆಫ್. ಡಾಕ್ಟರಿಗೆ ಹೇಳಬೇಕು. ಹೇಳಿದರೆ ಆಂಬುಲೆನ್ಸ್ ಹೋಗುತ್ತದೆ, ಡಿಪೋಗೆ ಗೊತ್ತಾಗುತ್ತದೆ, ಅವನ ಪತ್ರ ಹೋಗುತ್ತದೆ. ಗೊತ್ತಿದ್ದೂ ಯಾಕೆ ಏರಿಸಿದೆ ಅಂತ ನನ್ನನ್ನೂ ಕೇಳುತ್ತಾರೆ.

ಬೆಳಿಗ್ಗೆ ನಾನೇ ಮನೆಗೆ ಹೋಗುತ್ತೇನೆ. ಎದುರು ಕೂತು ಜನವರಿಯಿಂದ ಶುರು ಮಾಡುತ್ತೇನೆ.

ಮಾರ್ಚ್ 27, ಗುರುವಾರ. ಬೆಳಿಗ್ಗೆ 11. ಆಸ್ಪತ್ರೆ

ಏಳೂವರೆಗೆ ಅವನ ಮನೆ ಮುಂದೆ ಇದ್ದೆ. ಬೀಗ. ಪಕ್ಕದ ಮನೆಯವರು ಹೇಳಿದರು. ಆರಕ್ಕೆ ಬಚ್ಚಲಿನಲ್ಲಿ ಫಿಟ್ಸ್ ಬಂದು ಬಿದ್ದ. ತಲೆ ನಲ್ಲಿಗೆ ಹೊಡೆಯಿತು. ಆಂಬುಲೆನ್ಸಿನಲ್ಲಿ ಇನ್ನೊಂದು ಸಲ ಬಂತಂತೆ.

ಅವನ ಹೆಂಡತಿ ಬೆಂಚಿನ ಮೇಲೆ. ಒಂದು ಕಾಲಿಗೆ ಮಾತ್ರ ಚಪ್ಪಲಿ. ನನ್ನನ್ನು ನೋಡಿ ಎದ್ದು ನಿಂತಳು. ಎದ್ದು ನಿಂತಳು! ಮರ್ಯಾದೆ ಕೊಟ್ಟು.

"ಎರಡು ವಾರದಿಂದ ಕುಡೀತಿದ್ರು. ಅಕ್ಕನಿಗೆ ಹೇಳ್ತೀನಿ ಅಂದೆ. ನನಗೇ ಕೈ ಮುಗಿದ್ರು. ಆರು ವರ್ಷ ಒಂದು ದಿನಾನೂ ಜಾರದವರ ಮುಂದೆ ನಾನು ಹೇಗೆ ನಿಲ್ಲಲಿ, ಶುಕ್ರವಾರದೊಳಗೆ ಸರಿಹೋಗ್ತೀನಿ ಅಂದ್ರು. ನಾನು ಹೇಳಬೇಕಿತ್ತು ಅಲ್ವಾ ಅಕ್ಕ? ನನ್ನದೇ ತಪ್ಪು ಅಲ್ವಾ?"

"ಇಲ್ಲಮ್ಮ, ನಿನ್ನದಲ್ಲ" ಅಂದೆ. ಯಾರದು ಅಂತ ಹೇಳಲಿಲ್ಲ.

ಮಾರ್ಚ್ 28, ಶುಕ್ರವಾರ

ಬೆಳಗಿನ ಜಾವ ಎರಡಕ್ಕೆ ಹೋದ.

ಸಭೆ ನಡೆಸಲಿಲ್ಲ. ಬೋರ್ಡಿನಲ್ಲಿ ಅವನ ಸಾಲು ನಾನು ಬುಧವಾರ ಬರೆದಲ್ಲೇ ನಿಂತಿದೆ. ಅಳಿಸಲು ಯಾರೂ ಮುಂದೆ ಬರಲಿಲ್ಲ.

ಏಪ್ರಿಲ್ 2, ಬುಧವಾರ

ಇದನ್ನು ಮೊದಲಿನಿಂದ ತಿರುವಿ ಹಾಕಿದೆ. ಪ್ರತಿ ಪುಟದ ತಲೆಯ ಮೇಲೂ ಆ ಸಂಖ್ಯೆ. ಯಾರೂ ಓದದ ಪುಸ್ತಕ ಇದು. ಅಮ್ಮ ಕೂಡ ಮುಟ್ಟುವುದಿಲ್ಲ. ಇಲ್ಲೂ ಸುಳ್ಳು ಬರೆದಿದ್ದೇನೆ. ಯಾರಿಗೋಸ್ಕರ?

ಕುಡಿಯಬೇಕು ಅನಿಸಿತು. ನಾಲಿಗೆಯಲ್ಲಿ ರುಚಿಯೇ ಬಂತು. ಅಮ್ಮನ ಕೋಣೆಗೆ ಹೋಗಿ ನೆಲದ ಮೇಲೆ ಕೂತೆ. "ಬಂತಾ?" ಅಂದಳು. "ಬಂತು" ಅಂದೆ. "ಕೂತ್ಕೋ" ಅಂದಳು. ಸಂಜೆವರೆಗೂ ಕೂತಿದ್ದೆ.

ಅವನಿಗೂ ಇಷ್ಟೇ ಬೇಕಿತ್ತು.

ಏಪ್ರಿಲ್ 4, ಶುಕ್ರವಾರ. ಬೆಳಿಗ್ಗೆ 9:50

ಟೀ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸಭೆಗೆ ಹತ್ತು ನಿಮಿಷ.

ಬೇಗ ಬಂದು ಬೋರ್ಡು ಒರೆಸಿದೆ. ಅವನ ಸಾಲು ಬಿಟ್ಟು. ಮೇಲಿನ ಸಾಲಿನಲ್ಲಿ ಇವತ್ತು 2222 ಬರಬೇಕಿತ್ತು. ನಾಲ್ಕು ಎರಡು. ಅವನಿದ್ದಿದ್ದರೆ ಬಸ್ಸಿನ ಫ್ಯಾನ್ಸಿ ನಂಬರ್ ಅಂತ ತಮಾಷೆ ಮಾಡುತ್ತಿದ್ದ. 813 ಅಂತ ಬರೆದೆ. ಜನವರಿ ಹದಿಮೂರರಿಂದ ಬೆರಳು ಮಡಚಿ ಎಣಿಸಿದ್ದು. ದೊಡ್ಡ ಮೇಡಂ ಬಂದು ನೋಡಿದರು. "ತಪ್ಪಾಗಿ ಬರೆದಿದೀರಾ?" "ಇಲ್ಲ ಮೇಡಂ, ಇವತ್ತೇ ಸರಿಯಾಗಿ ಬರೆದಿದ್ದು." ಅವರು ತಮ್ಮ ಕುರ್ಚಿಗೆ ಹೋಗಿ ಕೂತರು. ಕೆಲಸ ಹೋಗುತ್ತದೆ. ಹೋಗಲಿ.

ಅವನ ಹೆಂಡತಿ ಬಂದಿದ್ದಾಳೆ. ಯಾರೂ ಕರೆದಿರಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ, ಅದು ಅವನದು ಅಂತ ಅವಳಿಗೆ ಹೇಗೆ ಗೊತ್ತೋ. ಬೋರ್ಡನ್ನೇ ನೋಡುತ್ತಿದ್ದಳು.

"ಅಕ್ಕಾ, ಮೇಲಿಂದು ನಿಮ್ಮ ಸಾಲು ಅಂತಿದ್ರು ಇವರು. ಇದು ಯಾರದು?"

"ಈಗ ಹೇಳ್ತೀನಮ್ಮ. ಎಲ್ಲರ ಮುಂದೆ."

ಕೇಳಿದ ಮೇಲೆ ಅವಳು ನನ್ನನ್ನು ಏನು ಮಾಡಿದರೂ ಸರಿ. ಕುರ್ಚಿಗಳ ಸದ್ದು. ಕರೆಯುತ್ತಿದ್ದಾರೆ. ಇದೇ ಕ್ರಮದಲ್ಲಿ ಹೇಳಬೇಕು, ಹೊಸಬರು ಹೇಳುವ ಹಾಗೆ: ನಾನು ಕುಡುಕಿ, ಇವತ್ತಿಗೆ ಎಂಟುನೂರ ಹದಿಮೂರು ದಿನ, ಅದರ ಹಿಂದಿನ ದಿನ ನಾನು