ಬೆಳಿಗ್ಗೆ ಆರಕ್ಕೆ ನನ್ನ ಸೊಸೆಯ ಕೈ

ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ವೈದ್ಯಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಸೊಸೆ ಕಲೈಸೆಲ್ವಿಯ ಕೈಗಳು ಸರಿಯಾಗಿವೆ ಎಂದು ನೀವು ಬರೆದುಕೊಟ್ಟಿದ್ದೀರಿ. ಮರುದಿನ ಬೆಳಿಗ್ಗೆ ಆರಕ್ಕೆ ಆ ಕಾಗದವನ್ನು ಮಡಿಸಲು ಅವಳಿಗೇ ಕೊಟ್ಟೆ. ಆಗಲಿಲ್ಲ. ಆ ಹೊತ್ತಿನಲ್ಲಿ ಹಲ್ಲುಜ್ಜುವ ಬ್ರಷ್ಷನ್ನೂ ಅವಳು ಎರಡು ಅಂಗೈಗಳ ನಡುವೆ ಹಿಡಿಯುತ್ತಾಳೆ.

ಮೂವತ್ತನಾಲ್ಕರ ಅವಳಿಗಿರುವುದು ಸಂಧಿವಾತ. ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದು ಉರಿಸುತ್ತದೆ, ಬೆಳಿಗ್ಗೆ ಬೆರಳುಗಳು ಮರಗಟ್ಟುತ್ತವೆ, ಮಧ್ಯಾಹ್ನಕ್ಕೆ ಒಂದಿಷ್ಟು ಸಡಿಲವಾಗುತ್ತವೆ ಎಂದು ಕೋಯಮತ್ತೂರಿನ ಡಾಕ್ಟರು ಹೇಳಿದರು. ಹೈಸ್ಕೂಲು ಓದಿದ ನನಗೇ ಇದು ಅರ್ಥವಾಯಿತು. ನಿಮಗೆ ಯಾರೂ ಹೇಳಿಕೊಡಲಿಲ್ಲವೇ? ಬೆಳಗಿನಿಂದ ಕಾಯಿಸಿ, ಕೈ ಸಡಿಲವಾದ ಮೇಲೆ ಮೂರು ಗಂಟೆಗೆ ಒಳಗೆ ಕರೆದಿರಿ. ನಿಮ್ಮ ಕರುಣೆ ದೊಡ್ಡದು.

ನಾವು ಸೋಮನೂರಿನ ಮಗ್ಗದವರೆಂದು ತಿಳಿದು ಮೇಜಿನ ಮೇಲೆ ತುಂಡು ನೂಲು ಹಾಕಿದಿರಿ. "ಏನಮ್ಮಾ, ನೇಯುವವರ ಮನೆ ಹೆಂಗಸಿಗೆ ಒಂದು ಗಂಟು ಹಾಕೋಕೆ ಬರಲ್ವಾ?" ಎಂದು ನಕ್ಕಿರಿ. ಅವಳು ನನ್ನ ಮುಖ ನೋಡಿದಳು. ಹೊರಗಿನವರ ಮುಂದೆ ಎಳೆ ಕೂಡಿಸಲು ತಡವರಿಸಬಾರದು ಎಂಬುದು ನಮ್ಮ ಮನೆಯ ಕಟ್ಟುಪಾಡು. ಅವಳಿಗೆ ಕಲಿಸಿದವಳು ನಾನು.

"ಹಾಕು ಮಗಳೇ. ಮನೆ ಮಾನ ತೆಗೀಬೇಡ" ಎಂದೆ.

ತುಟಿ ಕಚ್ಚಿಕೊಂಡು ಹಾಕಿದಳು, ಒಂದೇ ಸಲಕ್ಕೆ. ನಾನು ಹೆಮ್ಮೆಯಿಂದ ನಿಮ್ಮತ್ತ ನೋಡಿದೆ. ನೀವು ಪೆನ್ನು ತೆಗೆದಿರಿ.

"ಇನ್ನೊಂದು ಕೇಳಿದ್ರೆ ಅಲ್ಲೇ ಅತ್ತುಬಿಡ್ತಿದ್ದೆ ಅತ್ತೆ" ಎಂದಳು ಬಸ್ಸಿನಲ್ಲಿ. ಕಾಯಿಲೆಯ ಹೆಸರು ತಿಳಿಯುವ ಮೊದಲು, ಅವಳು ಏಳಲು ತಡಮಾಡಿದಾಗಲೆಲ್ಲ "ಮಹಾರಾಣಿಗೆ ಈಗ ಬೆಳಗಾಯ್ತಾ?" ಎಂದವಳೂ ನಾನೇ. ಆ ಪಾಪ ನನ್ನದು, ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಒಂದು ಗಂಟು ನೋಡಿ ಇಡೀ ದಿನವನ್ನು ಅಳೆದದ್ದು ನಿಮ್ಮದು. ಪ್ರಮಾಣಪತ್ರವಿಲ್ಲದೆ ಸಹಾಯಧನವಿಲ್ಲ, ಅದಿಲ್ಲದೆ ಔಷಧಿ ನಡೆಯುವುದಿಲ್ಲ. ಔಷಧಿ ನಿಂತರೆ ಬೆರಳುಗಳು ಸೊಟ್ಟಗಾಗಿ ಹಾಗೆಯೇ ಉಳಿಯಬಹುದಂತೆ. ಆಮೇಲೆ ಯಾವ ಹೊತ್ತಿನಲ್ಲಿ ನೋಡಿದರೂ ನಿಮಗೆ ಅನುಮಾನ ಬಾರದು. ಅದಕ್ಕೇ ಕಾಯುತ್ತಿದ್ದೀರಾ?

ತಮಿಳಿನಲ್ಲಿ ಮೂರು ಮನವಿ ಕೊಟ್ಟೆ, ಉತ್ತರವಿಲ್ಲ. ಇದನ್ನು ನಮ್ಮ ಮನೆಮಾತಾದ ಕನ್ನಡದಲ್ಲಿ ಬರೆದದ್ದು ನನ್ನ ತಪ್ಪನ್ನು ನಮ್ಮವರೂ ಓದಲಿ ಎಂದು. ಬೇಡಿಕೆ ಒಂದೇ. ಅವಳನ್ನು ಮತ್ತೆ ಪರೀಕ್ಷಿಸಿ, ಬೆಳಿಗ್ಗೆ ಆರಕ್ಕೆ. ಅದೇ ನೂಲು ಹಾಕಿ. ಈ ಸಲ ನಾನು ಬಾಯಿ ತೆರೆಯುವುದಿಲ್ಲ.

ಇಂತಿ,
ಗಂಟು ಹಾಕೆಂದ ಅತ್ತೆ,
ರಾಜಾಮಣಿ, ಸೋಮನೂರು