ಏಳನೆಯ ಅಧ್ಯಾಯದಲ್ಲಿ ಮುಳುಗಿದವನಿಗೆ

ಕಮಹುವಾನಿ,
ಮಾರ್ಚ್ ೧೧, ೧೯೮೭

ಎವೆಲಿಯೊ,

ಇಲ್ಲಿ ನಾನೂ ಅಮ್ಮನೂ ಕೋಳಿಗಳೂ ಕ್ಷೇಮ. ನೀನು ಮಾತ್ರ ಸತ್ತಿದ್ದೀಯೆ, ನನ್ನ ಕಾದಂಬರಿಯ ಏಳನೆಯ ಅಧ್ಯಾಯದಲ್ಲಿ. ಎರಡು ವರ್ಷ ಸುಮ್ಮನಿದ್ದ ಹೆಂಡತಿ ಇದ್ದಕ್ಕಿದ್ದಂತೆ ಕಾಗದ ಬರೆದಳೆಂದು ಗಾಬರಿಯಾಗಬೇಡ. ಮೊದಲ ಕರಡು ಮುಗಿದಿದೆ, ತಿದ್ದಬೇಕು, ಅದಕ್ಕೆ ನಿನ್ನಿಂದ ಒಂದು ಉಪಕಾರವಾಗಬೇಕು. ಅಷ್ಟೇ.

ನೀನು ಮತ್ತಾನ್ಸಾಸ್‌ಗೆ ಹೊರಟುಹೋದ ಮೇಲೂ ನಾನು ಚುಟ್ಟಾ ಕಾರ್ಖಾನೆಯಲ್ಲಿ ಓದುವವಳೇ. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಕೆಲಸಗಾರರು ಹೊಗೆಸೊಪ್ಪು ಸುತ್ತುತ್ತಾರೆ, ನಾನು ಎತ್ತರದ ಪೀಠದಲ್ಲಿ ಕೂತು ಅವರಿಗೆಲ್ಲ ಕೇಳುವಂತೆ ಗಂಟಲು ಹರಿದುಕೊಂಡು ಓದುತ್ತೇನೆ. ಹೋದ ತಿಂಗಳು ಹೊಸ ಪುಸ್ತಕ ಆರಿಸುವ ದಿನ ನನ್ನ ಕರಡನ್ನೇ ಮುಂದಿಟ್ಟೆ. ಸಂತಿಯಾಗೊದ ಯಾರೋ ಹೊಸ ಬರಹಗಾರ ಕಳಿಸಿದ್ದು ಎಂದೆ. ಎಲ್ಲರೂ ಕೈಯೆತ್ತಿದರು.

ಆರು ಅಧ್ಯಾಯಗಳವರೆಗೆ ಸೊಪ್ಪು ಕತ್ತರಿಸುವ ಅಲಗುಗಳನ್ನು ಹಲಗೆಗೆ ಬಡಿದೂ ಬಡಿದೂ ಮೆಚ್ಚಿದರು. ನಾನು ಉಬ್ಬಿಹೋದೆ. ಏಳನೆಯದರಲ್ಲಿ, ನಿನ್ನ ಹಾಗೆಯೇ ಟೋಪಿ ತೆಗೆಯದೆ ಊಟಕ್ಕೆ ಕೂರುವ ಕಥಾನಾಯಕಿಯ ಗಂಡ ಹೊಳೆಗೆ ಬಿದ್ದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ನಾನು ಅದನ್ನೂ ಇಟ್ಟಿರಲಿಲ್ಲ. ಓದಿ ಮುಗಿಸಿದಾಗ ಒಂದು ಅಲಗೂ ಸದ್ದು ಮಾಡಲಿಲ್ಲ. ಆಮೇಲೆ ಒಂದೊಂದಾಗಿ ನೆಲಕ್ಕೆ ಬಿದ್ದವು. ಅದಕ್ಕಿಂತ ದೊಡ್ಡ ಬೈಗುಳ ಅಲ್ಲಿ ಇಲ್ಲವೆಂದು ನಿನಗೇ ಗೊತ್ತು.

ಮೊದಲ ಸಾಲಿನ ಮುದುಕಿ ಎಡೆಲ್ಮಿರಾ ತಲೆಯನ್ನೂ ಎತ್ತದೆ ಅಂದಳು: "ಮಗಳೇ, ಆ ಸಂತಿಯಾಗೊದವನಿಗೆ ಒಂದ್ ಮಾತು ಬರ್ದು ಹಾಕು, ನಮ್ಮ ಎವೆಲಿಯೊಗೆ ಈಜು ಬರುತ್ತೆ ಅಂತ!"

ಎಲ್ಲರೂ ಹೋ ಎಂದು ನಕ್ಕರು. ಕಥೆಯಲ್ಲಿ ಆ ಟೋಪಿ ಬಂದ ದಿನವೇ ಗಂಡ ಯಾರು, ಬರೆದವಳು ಯಾರು ಎಂದು ಅವರಿಗೆ ಗೊತ್ತಾಗಿತ್ತಂತೆ. ನನ್ನ ಮುಖ ಕೆಂಪಾಯಿತು. ಅಷ್ಟಕ್ಕೇ ಬಿಟ್ಟರೆ?

"ಸಾಯೋದಾದ್ರೆ ಸಾಯ್ಲಿ ಕಣ್ರೀ, ಅತ್ತೆ ಕೈಲಿ ಸಾಯ್ಲಿ. ಆಗ ನಂಬ್ತೀವಿ," ಅಂದ ಹಿಂದಿನ ಸಾಲಿನ ರಿಗೋಬೆರ್ತೊ.

"ಸಾಯ್ಸೋಕೆ ಏನು, ಯಾರ್ ಬೇಕಾದ್ರೂ ಸಾಯಿಸ್ತಾರೆ. ಯಾಕೆ ಬಿಟ್ಟು ಹೋದ ಅಂತ ಹೇಳ್ಲಿ. ಅಲ್ಲೀತನಕ ಮುಂದೆ ಓದೋದು ಬೇಡ," ಅಂದಳು ಎಡೆಲ್ಮಿರಾ. ಮತಕ್ಕೆ ಹಾಕಿದರು. ಅವಳೇ ಗೆದ್ದಳು.

ತಿದ್ದಲು ಕೂತೆ. ನಿನಗೊಬ್ಬ ಗೆಳತಿಯನ್ನು ತಂದೆ. ಅವಳನ್ನು ಎಷ್ಟು ಚೆಲುವೆಯಾಗಿ ಬರೆದುಬಿಟ್ಟೆನೆಂದರೆ ನನಗೇ ಹೊಟ್ಟೆ ಉರಿದು ಹಾಳೆ ಹರಿದೆ. ನಿನಗೆ ನಮ್ಮಮ್ಮನ ಬಾಯಿ ಸಾಕಾಯಿತೆಂದು ಬರೆದೆ. ಅಮ್ಮ ಓದಿ, "ಅಷ್ಟಕ್ಕೆಲ್ಲ ಹೋಗೋ ಗಂಡ್ಸಲ್ಲ ಅವ್ನು," ಎಂದು ನಿನ್ನ ಪರ ವಹಿಸಿದಳು! ಕೊನೆಗೆ ನಿನ್ನನ್ನು ವಾಪಸು ಕರೆಸಿ ಬಾಗಿಲಲ್ಲಿ ನಿಲ್ಲಿಸಿದೆ. ನೀನು ಬಾಯಿ ತೆರೆದೆ. ಏನು ಹೇಳುತ್ತೀಯೆಂದು ನನಗೆ ಗೊತ್ತಾಗಲಿಲ್ಲ. ಹನ್ನೊಂದು ವರ್ಷ ಒಟ್ಟಿಗೆ ಬಾಳಿದವಳಿಗೆ ನಿನ್ನ ಒಂದು ಮಾತೂ ತೋಚಲಿಲ್ಲ, ಎವೆಲಿಯೊ. ಅವತ್ತು ತುಂಬಾ ಅತ್ತೆ.

ಆದ್ದರಿಂದ ತೀರ್ಮಾನಿಸಿದ್ದೇನೆ. ಹೊಳೆಯನ್ನು ಕಿತ್ತುಹಾಕಿದ್ದೇನೆ, ನೀನು ಬದುಕಿದ್ದೀಯೆ. ಏಳನೆಯ ಅಧ್ಯಾಯ ಸದ್ಯಕ್ಕೆ ಖಾಲಿ. ಊಹೆ ಮಾಡಿ ತುಂಬುವುದಿಲ್ಲ. ಯಾಕೆ ಹೋದೆ ಎಂದು ನೀನೇ ಹೇಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬೇಡ. ನನ್ನದೇ ತಪ್ಪೆಂದರೂ ಹಾಗೆಯೇ ಬರೆಯುತ್ತೇನೆ, ಪೀಠದಲ್ಲಿ ಕೂತು ಅವರೆಲ್ಲರ ಮುಂದೆ ಓದುತ್ತೇನೆ. ಇದು ಬರೀ ಪುಸ್ತಕದ ಸಲುವಾಗಿ, ಬೇರೆ ಅರ್ಥ ಕಲ್ಪಿಸಿಕೊಳ್ಳಬೇಡ.

ಕಾಗದಪತ್ರದ ಪ್ರಕಾರ ಇನ್ನೂ ನಿನ್ನ ಹೆಂಡತಿ,
ನೆರೈದಾ

ತಾ.ಕ.: ಉತ್ತರವನ್ನು ಅಂಚೆಗೆ ಹಾಕಬೇಡ, ನಮ್ಮೂರ ಅಂಚೆಯ ಕಥೆ ನಿನಗೆ ಗೊತ್ತೇ ಇದೆ. ಮತ್ತಾನ್ಸಾಸ್‌ನ ಬಸ್ಸು ಈಗ ರಾತ್ರಿ ಬರುವುದಿಲ್ಲ, ಮಧ್ಯಾಹ್ನ ಎರಡಕ್ಕೆ ಬರುತ್ತದೆ. ಭಾನುವಾರ ಮಾತ್ರ ಸ್ವಲ್ಪ ತಡ.